ಹೊಟ್ಟೆನೋವಿನ ಪಾಠ

ಶಟರ್‌ಗೆ ಆ ಅಡ್ಡಹೆಸರು ಬಂದದ್ದು ಕಸುಬಿನಿಂದಲೋ ಸಿಟ್ಟಿನಿಂದಲೋ ಎಂದು ಅವನ ಜೊತೆ ಕೆಲಸ ಮಾಡುವವರು ಆಗಾಗ ವಾದ ಹೂಡುತ್ತಿದ್ದರು. ಅಂಗಡಿಗಳಿಗೆ ರೋಲಿಂಗ್ ಶಟರ್ ಕೂರಿಸುವುದು, ಸಿಕ್ಕಿಕೊಂಡದ್ದನ್ನು ಬಿಡಿಸುವುದು, ಸ್ಪ್ರಿಂಗ್ ಬದಲಿಸುವುದು ಅವನ ಕೆಲಸ. ಸಿಟ್ಟು ಬಂದರೆ ದಡಾರನೆ ಮುಖ ಇಳಿಸಿ ಬೀಗ ಹಾಕಿಕೊಂಡುಬಿಡುವುದು ಅವನ ಗುಣ. ಎಂಟನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದರು ಎಂದು ಶಾಲೆಯ ಮುಖಕ್ಕೆ ಹೀಗೇ ಒಂದು ಸಲ ಇಳಿಸಿದ ಶಟರು ಮತ್ತೆ ಮೇಲೇಳಲೇ ಇಲ್ಲ.

ಆವತ್ತು ಅವನು ಚಪ್ಪಲಿ ಅಂಗಡಿಯೊಂದರ ಮುಂದೆ ಏಣಿ ಹತ್ತಿ ಸ್ಪ್ರಿಂಗ್ ಸುತ್ತುತ್ತಿದ್ದ. ಅರ್ಧ ಸುತ್ತಿದ ಸ್ಪ್ರಿಂಗ್ ಬಲು ಅಪಾಯ. ಹಿಡಿತ ಸಡಿಲವಾದರೆ ಮುಂಗೈ ಮುರಿದೇ ಬಿಡುತ್ತದೆ. ಆ ಹೊತ್ತಿನಲ್ಲೇ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಮೂರನೇ ಸಲಕ್ಕೆ ಅವನು ಕಂಬಿಯನ್ನು ಕೊಂಡಿಗೆ ಸಿಕ್ಕಿಸಿ ಫೋನು ಕಿವಿಗಿಟ್ಟ. ತಂಗಿಯ ದನಿ.

"ಅಣ್ಣಾ, ಎಲ್ಲಿದ್ದೀಯ?"

"ಏಣಿ ಮೇಲೆ. ಸತ್ತೋರ್ ಯಾರು, ಬೇಗ ಹೇಳು."

"ಥೂ, ಬಿಡ್ತು ಅನ್ನು! ಯಾರೂ ಸತ್ತಿಲ್ಲ. ನಮ್ಮ ಮೇಷ್ಟ್ರು ಬಚ್ಚಲಲ್ಲಿ ಬಿದ್ದುಬಿಟ್ರಂತೆ. ತಲೆಯೊಳಗೆ ರಕ್ತ ಬಂದಿದೆಯಂತೆ. ಎಚ್ಚರ ಇದೆ, ಆದ್ರೆ ಬಾಯಿ ಬಿಟ್ರೆ ಬರೀ ರಷ್ಯನ್ ಬರ್ತಿದೆಯಂತೆ ಅಣ್ಣಾ. ನಮ್ಮ ಮಾತು ಒಂದೂ ಬರ್ತಿಲ್ವಂತೆ. ಅವರ ಮನೆಯವರು ಅಳ್ತಾ ಫೋನ್ ಮಾಡಿದ್ರು, ನೀನೇ ಬರಬೇಕು ಕಣಮ್ಮ ಅಂತ."

"ನೀನೇನ್ ಡಾಕ್ಟರಾ?"

"ಅವರ ಮಾತು ನನಗೆ ಬಿಟ್ರೆ ಇನ್ಯಾರಿಗೂ ಅರ್ಥ ಆಗಲ್ಲ. ಕರ್ಕೊಂಡು ಹೋಗ್ತೀಯೋ ಇಲ್ಲ ಬಸ್ಸು ಹತ್ಲೋ?"

ಅಂಗಡಿಯವನು ಕೆಳಗಿನಿಂದ ಏನೋ ಕೂಗಿದ. ಶಟರ್ ಕೈ ಒರೆಸಿಕೊಳ್ಳುತ್ತ ಏಣಿ ಇಳಿದು, "ಬಂದು ಮುಗಿಸ್ತೀನಿ, ನಿಮ್ಮ ಚಪ್ಪಲಿ ಯಾರೂ ಕದಿಯಲ್ಲ, ಹೋಗ್ರೀ" ಎಂದು ಬೈಕಿಗೆ ಒದ್ದ.

ದಾರಿಯುದ್ದಕ್ಕೂ ಅವನಿಗೆ ಮೈ ಉರಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೊದಲಿನಿಂದಲೂ ತಂಗಿಯ ಆ ರಷ್ಯನ್ ಓದು ಎಂದರೆ ಅವನಿಗೆ ಹಾಗೆ. ತಂಗಿ ವಿಶ್ವವಿದ್ಯಾಲಯಕ್ಕೆ ಸೇರಲು ಹೋದ ದಿನ ಒಂದೊಂದು ವಿಭಾಗದವರೂ ಒಂದೊಂದು ಮೇಜು ಹಾಕಿಕೊಂಡು ಕೂತಿದ್ದರಂತೆ. ವಾಣಿಜ್ಯದ ಮುಂದೆ ಜಾತ್ರೆ, ಕಂಪ್ಯೂಟರ್ ಮುಂದೆ ನೂಕುನುಗ್ಗಲು. ಇವಳಿಗೆ ನಿಂತು ನಿಂತು ಕಾಲು ಸೋತು, ಖಾಲಿ ಕುರ್ಚಿಯೊಂದು ಕಂಡಿತೆಂದು ಹೋಗಿ ಕೂತಳು. ಅದು ರಷ್ಯನ್ ವಿಭಾಗದ ಮೇಜು. ಅದರ ಹಿಂದೆ ಬೆಳಗಿನಿಂದ ಒಬ್ಬರೇ ಕೂತಿದ್ದ ಮೇಷ್ಟ್ರು ಎದ್ದು ನಿಂತು ಇವಳಿಗೆ ಕೈಮುಗಿದರಂತೆ! ಆಮೇಲೆ, "ಇಲ್ಲ ಸರ್, ನಾನು ಕಾಲು ನೋವು ಅಂತ ಕೂತಿದ್ದು" ಎಂದು ಹೇಳಲು ಇವಳಿಗೆ ಬಾಯಿ ಬರಲಿಲ್ಲ. ಮನೆಗೆ ಬಂದು ವಿಷಯ ತಿಳಿಸಿದಾಗ ಸೋದರಮಾವ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಿದ್ದರು. "ರಷ್ಯನ್ನಾ? ಓದಿ ಏನಮ್ಮ ಮಾಡ್ತೀಯ, ಹಿಮ ಗುಡಿಸ್ತೀಯಾ?" ಬೀದಿಯ ಹುಡುಗರು ಅವಳಿಗೆ 'ರಷ್ಯಾ' ಎಂದೇ ಹೆಸರಿಟ್ಟರು. 'ರಷ್ಯಾ ಬಂತು, ಸ್ವೆಟರ್ ಹಾಕ್ಕೊಳ್ರೋ' ಎಂದವನೊಬ್ಬನ ಕಾಲರು ಹಿಡಿದು ಶಟರ್ ಗೋಡೆಗೆ ಒರಗಿಸಿದ್ದೂ ಉಂಟು. ಮನೆಗೆ ಬಂದ ಮೇಲೆ ಅವನೇ ಅವಳಿಗೆ ಅದಕ್ಕಿಂತ ಕಡೆಯಾಗಿ ಬೈದಿದ್ದ.

ಆದರೆ ಅವಳಿಗೆ ಆ ಭಾಷೆಯ ಹುಚ್ಚು ಹಿಡಿಯಿತು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಉಜ್ಜುತ್ತ ಆ ಕಾದಂಬರಿಗಳ ಕಥೆ ಹೇಳುವಳು. ಒಬ್ಬೊಬ್ಬ ಮನುಷ್ಯನಿಗೂ ಒಂದು ಹೆಸರು, ಅಪ್ಪನ ಹೆಸರಿನಿಂದ ಹುಟ್ಟಿದ ಇನ್ನೊಂದು ಹೆಸರು, ಮುದ್ದಿಗೆ ಮತ್ತೊಂದು. "ನಮಗೆ ಇಟ್ಟಿರೋ ಒಂದು ಹೆಸರನ್ನೇ ಯಾರೂ ನೆಟ್ಟಗೆ ಕರೆಯಲ್ಲ, ಅವರಿಗೆ ಮೂರು ಮೂರು!" ಎಂದು ಶಟರ್ ಗೊಣಗಿದರೂ, ಕಥೆ ಅರ್ಧಕ್ಕೆ ನಿಂತರೆ ಮಾತ್ರ, "ಮುಂದೇನಾಯ್ತು ಹೇಳೇ" ಎನ್ನುತ್ತಿದ್ದ.

ಜೊತೆಗೆ ಸೇರಿದ್ದ ಒಬ್ಬಿಬ್ಬರು ಬೇರೆ ವಿಷಯಕ್ಕೆ ಹಾರಿದರು. ಇದ್ದ ಇನ್ನೊಬ್ಬ ಮೇಷ್ಟ್ರು ನಿವೃತ್ತರಾದರು, ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಕೊನೆಗೆ ಉಳಿದದ್ದು ಒಬ್ಬ ಗುರು, ಒಬ್ಬ ಶಿಷ್ಯೆ. ವಿಭಾಗವನ್ನು ದೊಡ್ಡ ಕಟ್ಟಡದಿಂದ ಎತ್ತಿ ಹಿತ್ತಲಿನ ಹಳೆ ಸಾಮಾನು ಕೋಣೆಗೆ ಎಸೆದರು. ಅದಕ್ಕೆ ಬಾಗಿಲಿರಲಿಲ್ಲ, ತುಕ್ಕು ಹಿಡಿದ ಶಟರು. ಮೇಷ್ಟ್ರು ದಿನಾ ಅದನ್ನು ಎತ್ತಲಾಗದೆ ಒದ್ದಾಡುತ್ತಿದ್ದರೆಂದು ತಂಗಿ ಅಣ್ಣನನ್ನು ಕರೆದೊಯ್ದಳು. ಅವನು ಸ್ಪ್ರಿಂಗ್ ಬದಲಿಸಿ, ಕಂಬಿಗೆ ಗ್ರೀಸ್ ಹಚ್ಚಿ, ಒಂದೇ ಬೆರಳಿನಲ್ಲಿ ಎತ್ತುವ ಹಾಗೆ ಮಾಡಿಕೊಟ್ಟ. ಮೇಷ್ಟ್ರು ಮಗುವಿನಂತೆ ಅದನ್ನು ಮೇಲೆ ಕೆಳಗೆ ಆಡಿಸಿ, "ನೀನು ನಮ್ಮ ವಿಭಾಗದ ಬಾಗಿಲು ತೆರೆದವನಪ್ಪಾ" ಎಂದರು. ಶಾಲೆ ಬಿಟ್ಟ ಮೇಲೆ ಮೇಷ್ಟ್ರೊಬ್ಬರು ಅವನ ಬೆನ್ನು ತಟ್ಟಿದ್ದು ಅದೇ ಮೊದಲು. ಅವನಿಗೆ ಅದಕ್ಕೂ ಸಿಟ್ಟು ಬಂತು.

ಇನ್ನೊಂದು ಫಜೀತಿ ಇತ್ತು. ಸಂಭಾಷಣೆಯ ಪಾಠಕ್ಕೆ ಇಬ್ಬರು ಬೇಕು, ಕ್ಲಾಸಿನಲ್ಲಾದರೆ ಮೇಷ್ಟ್ರೇ ಜೊತೆ, ಮನೆಯಲ್ಲಿ ತಂಗಿಗೆ ಜೊತೆಗಾರರೇ ಇಲ್ಲ. ಹಾಗಾಗಿ ಸಂಜೆ ಗ್ರೀಸ್ ಕೈ ತೊಳೆದು ಬಂದ ಅಣ್ಣನನ್ನೇ ಎದುರು ಕೂರಿಸಿಕೊಳ್ಳುತ್ತಿದ್ದಳು. 'ಡಾಕ್ಟರ ಬಳಿ' ಎಂಬ ಪಾಠ. ಅವಳು ರೋಗಿ, ಇವನು ಡಾಕ್ಟರು. ಇವನ ಮಾತುಗಳನ್ನು ಅವಳು ನಮ್ಮ ಅಕ್ಷರದಲ್ಲೇ ಬರೆದುಕೊಟ್ಟಿದ್ದಳು. "ಷ್ತೋ ಉ ವಾಸ್ ಬಲೀತ್?" ಎಂದು ಶಟರ್ ಗಡುಸಾಗಿ ಕೇಳಬೇಕು, ನಿಮಗೆ ಏನು ನೋಯುತ್ತಿದೆ ಎಂದು. ಅವಳು ಹೊಟ್ಟೆ ಹಿಡಿದುಕೊಂಡು, ಹೊಟ್ಟೆ ನೋವು ಡಾಕ್ಟರೇ, ನಿನ್ನೆಯಿಂದ ಎನ್ನಬೇಕು. ಆಪರೇಷನ್ ಆಗಬೇಕು ಎಂದು ಇವನು. "ಯಾ ಸಗ್ಲಾಸೆನ್, ದೋಕ್ತರ್" ಎಂದು ಅವಳು, ನನಗೆ ಒಪ್ಪಿಗೆ ಡಾಕ್ಟರೇ. ಆಮೇಲೆ ಆ ರೋಗಿ ಮಹಾಶಯ ಕೇಳುತ್ತಾನೆ, ವಾಸಿಯಾದ ಮೇಲೆ ನಾನು ಹಿಮದ ಮೇಲೆ ಜಾರುವ ಆಟ ಆಡಬಹುದೇ ಎಂದು. ಅಲ್ಲಿಗೆ ಬಂದಾಗಲೆಲ್ಲ ಶಟರ್‌ಗೆ ನಗು ತಡೆಯಲಾಗುತ್ತಿರಲಿಲ್ಲ. "ಹೊಟ್ಟೆ ಕೊಯ್ಸಿಕೊಳ್ಳೋನಿಗೆ ಜಾರುವ ಚಿಂತೆ ನೋಡು!" ಹೇಳಿ ಹೇಳಿ ಅವನಿಗೆ ಆ ಪಾಠ ಬಾಯಿಪಾಠವಾಗಿತ್ತು. ಭಾಷೆ ಬಂದಿರಲಿಲ್ಲ, ಪಾಠ ಮಾತ್ರ ಬಂದಿತ್ತು.

ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ. ಮೇಷ್ಟ್ರ ಕೋಣೆಯ ಹೊರಗೇ ಜಗಳ ಕೇಳಿಸುತ್ತಿತ್ತು. ಮೇಷ್ಟ್ರ ಹೆಂಡತಿ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದರು. ಎದುರಿಗೆ ಮೇಷ್ಟ್ರ ಅಣ್ಣ, ರೈಲಿನಲ್ಲಿ ಗಾರ್ಡ್ ಆಗಿ ದುಡಿದು ನಿವೃತ್ತರಾದವರು. ಈಗಲೂ ಬಾವುಟ ತೋರಿಸುವವರಂತೆಯೇ ಕೈ ಎತ್ತಿ ಮಾತಾಡುತ್ತಿದ್ದರು.

"ಬುರುಡೆ ಬಿಚ್ಚೋದು ಬೇಡ ಅಂದ್ರೆ ಬೇಡ. ನಮ್ಮಪ್ಪನ್ನ ಹೀಗೇ ಒಳಗೆ ಕರ್ಕೊಂಡು ಹೋದ್ರು. ಹೊರಗೆ ಬಂದಿದ್ದು ಏನು ಅಂತ ನಾನು ನೋಡಿದ್ದೀನಿ, ನೀನು ನೋಡಿಲ್ಲ."

"ಭಾವ, ಹಾಗೇ ಬಿಟ್ರೆ ಇವತ್ತೋ ನಾಳೆಯೋ ಅಂತಿದ್ದಾರಲ್ಲ! ನೋಡ್ತಾ ಕೂರಲಾ ನಾನು?"

ಸರ್ಜನ್ನು ದಣಿದ ಮುಖದ ಹೆಂಗಸು. ಇಬ್ಬರ ನಡುವೆ ಬಂದು ನಿಂತು, "ನೋಡಿ, ಮಾಡಿದ್ರೆ ಉಳಿಯಬಹುದು, ಟೇಬಲ್ ಮೇಲೇ ಹೋಗಲೂಬಹುದು. ಮಾಡದಿದ್ರೆ ಔಷಧದಲ್ಲಿ ಕರಗಬಹುದು, ಕರಗದೇನೂ ಇರಬಹುದು. ಮನೆಯವರೇ ಎರಡು ಮಾತಾಡ್ತಿದ್ದೀರಿ. ಅವರಿಗೆ ಎಚ್ಚರ ಇದೆ, ಅವರ ಬಾಯಿಂದಲೇ ಕೇಳಿಬಿಡೋಣ. ಅವರು ಹೇಳಿದ ಹಾಗೆ. ಒಪ್ಪಿಗೆಯಾ?" ಎಂದರು. ಗಾರ್ಡು ತಲೆ ತಗ್ಗಿಸಿ, "ಅವನೇ ಹೇಳಿದ್ರೆ ನಾನು ಅಡ್ಡ ಬರಲ್ಲ" ಎಂದರು. ಎಲ್ಲರೂ ಒಟ್ಟಿಗೆ ತಂಗಿಯ ಕಡೆ ತಿರುಗಿದರು. ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದ ಅವಳು ಅಣ್ಣನ ತೋಳು ಹಿಡಿದುಕೊಂಡಳು.

"ಫೋನಲ್ಲಿ ಹಾಕಿ ನೋಡಿದ್ವಿ" ಎಂದ ಕಿರಿಯ ಡಾಕ್ಟರೊಬ್ಬ. "ಹೊಟ್ಟೆ ನೋವು ಅಂತಿದ್ದಾರೆ ಅಂತ ಫೋನು ಹೇಳ್ತು. ಹೊಟ್ಟೆ ಎಲ್ಲಾ ಒತ್ತಿ ನೋಡಿದೆ, ಏನೂ ಇಲ್ಲ."

ಹೊಟ್ಟೆ ನೋವು ಎಂಬ ಮಾತು ಕೇಳಿ ಶಟರ್ ತಂಗಿಯ ಮುಖ ನೋಡಿದ. ಅವಳು ಆಗಲೇ ಬಿಳಿಚಿಕೊಂಡಿದ್ದಳು.

ಮೇಷ್ಟ್ರು ದಿಂಬಿಗೆ ಒರಗಿದ್ದರು. ಬಾಯಿ ಒಂದು ಕಡೆಗೆ ಸ್ವಲ್ಪ ಎಳೆದಿತ್ತು. ತಂಗಿಯನ್ನು ಕಂಡದ್ದೇ ಕಣ್ಣು ಹೊಳೆಯಿತು. ಎಡಗೈ ಎತ್ತಿ, ಕ್ಲಾಸಿನಲ್ಲಿ ಕೂರಲು ಹೇಳುವಂತೆ, ಕುರ್ಚಿ ತೋರಿಸಿದರು. ಅವಳು ಕೂತಳು. ಸರ್ಜನ್ನು ಹೇಳಿಕೊಟ್ಟದ್ದನ್ನು ಒಂದೊಂದೇ ಮಾತಾಗಿ ರಷ್ಯನ್ನಿನಲ್ಲಿ ಹೇಳತೊಡಗಿದಳು. ತಲೆಯೊಳಗೆ ರಕ್ತ ನಿಂತಿದೆ. ಆಪರೇಷನ್ ಆಗಬೇಕು. ಅಪಾಯವೂ ಇದೆ. ನಿಮಗೆ ಒಪ್ಪಿಗೆಯೇ? ಅವಳು ಎಲ್ಲೋ ಒಂದು ಕಡೆ ತಡವರಿಸಿದಾಗ ಮೇಷ್ಟ್ರು ರೂಢಿಯಂತೆ ತಿದ್ದಿದರು. ಅದನ್ನು ಕಂಡು ಅವರ ಹೆಂಡತಿ, "ಬುದ್ಧಿ ಎಲ್ಲಾ ಸರಿಯಾಗಿದೆ ನೋಡಿ!" ಎಂದು ಕಣ್ಣೊರೆಸಿಕೊಂಡರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದರು. "ಯಾ ಸಗ್ಲಾಸೆನ್, ದೋಕ್ತರ್."

ಸರ್ಜನ್ನಿಗೆ 'ಡಾಕ್ಟರ್' ಎಂಬುದಂತೂ ತಿಳಿಯಿತು. "ಏನಂದ್ರು?" ಎಂದರು.

ಮೇಷ್ಟ್ರು ಇನ್ನೂ ಮುಗಿಸಿರಲಿಲ್ಲ. ಹುಬ್ಬು ಏರಿಸಿ ಮುಂದಿನ ಪ್ರಶ್ನೆ ಕೇಳಿದರು. ಬಾಗಿಲಲ್ಲಿ ನಿಂತ ಶಟರ್‌ಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ವಾಸಿಯಾದ ಮೇಲೆ ನಾನು ಹಿಮದ ಮೇಲೆ ಜಾರಬಹುದೇ? ಕೇಳಿ ಮೇಷ್ಟ್ರು ಡಾಕ್ಟರ ಮಾತಿಗೆ ಕಾದರು. ಕಾದು ಕಾದು ಅವರ ಮುಖದಲ್ಲಿ ಗಾಬರಿ ತುಂಬಿಕೊಳ್ಳತೊಡಗಿತು. ಅದನ್ನು ನೋಡಲಾರದೆ, ತನಗೇ ತಿಳಿಯದೆ, ಶಟರ್‌ನ ಬಾಯಿಂದ ಡಾಕ್ಟರ ಉತ್ತರ ಹೊರಬಿತ್ತು. "ನೆ ಬೋಯ್ತೆಸ್." ಹೆದರಬೇಡಿ.

ಮೇಷ್ಟ್ರ ಮುಖ ಅರಳಿತು. ಸರಿಯುತ್ತರ ಕೊಟ್ಟವನಿಗೆ ತಲೆದೂಗುವಂತೆ ತಲೆದೂಗಿದರು. ಉಳಿದವರೆಲ್ಲ ಗ್ರೀಸು ಮೆತ್ತಿದ ಅಂಗಿಯ ಈ ಮನುಷ್ಯನನ್ನು ಬೆರಗಿನಿಂದ ನೋಡಿದರು. ಶಟರ್‌ಗೆ ಮಾತ್ರ ಆಗ ಹೊಳೆಯಿತು. ಇದು ಮನುಷ್ಯ ಯೋಚಿಸಿ ಆಡಿದ ಮಾತಲ್ಲ. ವರ್ಷಗಟ್ಟಲೆ ಹೇಳಿಕೊಟ್ಟು ಹೇಳಿಕೊಟ್ಟು ನಾಲಿಗೆಯಲ್ಲಿ ಉಳಿದುಬಿಟ್ಟ ಪಾಠ.

ತಂಗಿ ಅಣ್ಣನನ್ನು ಹೊರಗೆ ಎಳೆದುಕೊಂಡು ಬಂದಳು. ನೀರಿನ ಫಿಲ್ಟರ್ ಪಕ್ಕ ನಿಂತು ಒಂದೇ ಸಮನೆ ಪಿಸುಗುಟ್ಟಿದಳು.

"ಅದು ಪಾಠ ಅಣ್ಣಾ! ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿಲ್ಲ. ಆಪರೇಷನ್ ಅನ್ನೋ ಮಾತು ಕಿವಿಗೆ ಬಿತ್ತು, ಪಾಠ ಶುರುವಾಯ್ತು, ಅಷ್ಟೇ."

"ಗೊತ್ತಾಯ್ತು."

"ಒಪ್ಪಿಗೆ ಅಂತ ಹೇಳಿದ್ರೆ ಸುಳ್ಳು. ಒಪ್ಪಿಗೆ ಇಲ್ಲ ಅಂದ್ರೂ ಸುಳ್ಳು. ಆ ಮಾತಂತೂ ಅವರ ಬಾಯಲ್ಲೇ ಬಂದಿದೆ."

"ಬೇರೆ ಥರ ಕೇಳಿ ನೋಡು. ಪಾಠದಲ್ಲಿ ಇಲ್ಲದ್ದು ಕೇಳು."

ಅವಳು ಒಳಗೆ ಓಡಿದಳು. ನಾನು ಯಾರು ಹೇಳಿ ಮೇಷ್ಟ್ರೇ, ಎಂದು ರಷ್ಯನ್ನಿನಲ್ಲಿ ಕೇಳಿದಳು. ನಿನ್ನೆಯಿಂದ ಹೊಟ್ಟೆ ನೋವು ಎಂದರು. ಇವರು ಯಾರು ಎಂದು ಅವರ ಹೆಂಡತಿಯನ್ನು ಮುಂದೆ ನಿಲ್ಲಿಸಿ ಕೇಳಿದಳು. ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಆದರೆ ಬಾಯಿಂದ ಬಂದದ್ದು, ಜ್ವರ ಇಲ್ಲ ಡಾಕ್ಟರೇ, ಎಂಬ ಮಾತು. ಆಗ ಅವರ ಕಣ್ಣಲ್ಲಿ ನೀರು ಬಂತು. ಒಳಗೆ ಇನ್ನೇನೋ ಇತ್ತು, ಹೊರಗೆ ಬರಲು ಅದಕ್ಕೆ ದಾರಿಯಿರಲಿಲ್ಲ. ಸಿಕ್ಕಿಕೊಂಡ ಶಟರನ್ನು ಒಳಗಿನಿಂದ ಗುದ್ದುವವರ ಸದ್ದು ಶಟರ್ ಎಷ್ಟೋ ಸಲ ಕೇಳಿದ್ದ. ಅಂಥ ಕಡೆ ಅವನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಸುತ್ತಿಗೆ ಇತ್ತು, ಕಂಬಿ ಇತ್ತು. ಇಲ್ಲಿ ಬರಿಗೈ.

ತಂಗಿ ಮತ್ತೆ ಹೊರಗೆ ಬಂದಳು. ಹಿಂದೆಯೇ ಮೇಷ್ಟ್ರ ಹೆಂಡತಿ. ಅವರು ಅವಳ ಎರಡೂ ಕೈ ಹಿಡಿದುಕೊಂಡರು.

"ಒಪ್ಪಿಕೊಂಡ್ರು ಅಲ್ವೇನಮ್ಮ? ನನಗೆ ಅವರ ಮುಖ ನೋಡಿದ್ರೆ ಗೊತ್ತಾಗುತ್ತೆ. ನೀನು ಒಂದು ಮಾತು ಹೇಳಿಬಿಡು, ನಿನ್ನ ಬಾಯಿಂದ ಬಂದ್ರೆ ಭಾವ ಸುಮ್ಮನಾಗ್ತಾರೆ."

"ಅಮ್ಮ, ಅವರು ಹೇಳಿದ್ದು... ಅದು ಕ್ಲಾಸಲ್ಲಿ..."

"ಏನು? ಬೇಡ ಅಂದ್ರಾ?"

"ಬೇಡ ಅಂದಿಲ್ಲಮ್ಮ."

"ಮತ್ತೆ?"

ಸರ್ಜನ್ನು ಬಾಗಿಲಿಗೆ ಬಂದು ಗೋಡೆ ಗಡಿಯಾರ ನೋಡಿದರು. "ನೋಡಮ್ಮ, ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಟ್ರಾ ಇಲ್ವಾ? ಅಡ್ಡಗೋಡೆ ಮೇಲೆ ದೀಪ ಇಡಬೇಡ. ಹೊತ್ತು ಹೋದಷ್ಟೂ ಅಪಾಯ."

ತಂಗಿ ಅಣ್ಣನ ಕಡೆ ತಿರುಗಿದಳು. "ಏನು ಹೇಳ್ಲಿ?"

ಲೋಕದಲ್ಲಿ ಯಾವ ವಿಷಯ ಎತ್ತಿದರೂ ಶಟರ್‌ನ ಹತ್ತಿರ ಒಂದು ಅಭಿಪ್ರಾಯ ರೆಡಿ ಇರುತ್ತಿತ್ತು. ಸರ್ಕಾರ, ಸಿಮೆಂಟು, ಮದುವೆ, ಮೋಟರು, ಎಲ್ಲದಕ್ಕೂ. ಈಗ ಹುಡುಕಿದರೆ ಒಳಗೆ ಏನೂ ಸಿಗಲಿಲ್ಲ. ಇಷ್ಟು ದೊಡ್ಡ ಕಟ್ಟಡ, ಇಷ್ಟೊಂದು ಓದಿದವರು, ಇಷ್ಟು ಮೆಷಿನ್ನು, ಇವರೆಲ್ಲ ಸೇರಿ ಒಂದು ಜೀವದ ಭಾರವನ್ನು ತನ್ನ ತಂಗಿಯ ನಾಲಿಗೆಯ ಮೇಲೆ ಇಟ್ಟು ಕೈಕಟ್ಟಿ ನಿಂತಿದ್ದಾರಲ್ಲ ಎಂದು ರಕ್ತ ಕುದಿಯಿತು. ಎಲ್ಲರನ್ನೂ ಹಿಡಿದು ಗೋಡೆಗೆ ಒರಗಿಸಬೇಕೆನಿಸಿತು. ಆದರೆ ಒರಗಿಸಿ ಕೇಳುವುದೇನನ್ನು? ಅವನ ಬಾಯಿಗೆ ಬಂದದ್ದು, ಹೆಗಲಿಗೆ ಏನು ಬಂದರೂ ಕೊಡವಿಕೊಳ್ಳಲು ಅವನು ಹುಡುಗನಿದ್ದಾಗಿನಿಂದ ಹೇಳುತ್ತ ಬಂದ ಅದೇ ಹಳೇ ಮಾತು.

"ನನ್ನೇನ್ ಕೇಳ್ತೀಯ? ನಾನು ಎಂಟನೇ ಕ್ಲಾಸು."

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸರ್ಜನ್ನಿನ ಕಡೆ ತಿರುಗಿ, "ಒಪ್ಪಿಗೆ ಅಂದ್ರು. ಆದ್ರೆ..." ಎಂದಳು.

ಆ 'ಆದ್ರೆ' ಯಾರ ಕಿವಿಗೂ ಬೀಳಲಿಲ್ಲ. ಮೇಷ್ಟ್ರ ಹೆಂಡತಿ ಅವಳನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತರು. ಗಾರ್ಡು ಎರಡೂ ಕೈ ಕೆಳಗಿಳಿಸಿ ಬೆಂಚಿನ ಮೇಲೆ ಕುಸಿದರು. ಸರ್ಜನ್ನು ಆಗಲೇ ಬೇಗ ಬೇಗ ಹೆಜ್ಜೆ ಹಾಕುತ್ತ ನರ್ಸುಗಳ ಹೆಸರು ಹಿಡಿದು ಕೂಗುತ್ತಿದ್ದರು. ತಂಗಿ ಅವರ ಹಿಂದೆ ಹೋಗಿ, "ಮೇಡಂ, ಅದು ಪಾಠದಲ್ಲಿ ಬರೋ ಮಾತು, ಮೇಡಂ" ಎಂದಳು. "ಮಾತು ಎಲ್ಲಿಂದ ಬಂದ್ರೇನಮ್ಮ, ಬಂತಲ್ಲ" ಎಂದು ಅವರು ತಿರುಗಿಯೂ ನೋಡದೆ ಹೇಳಿದರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಅವರಿಗೆ ಅವಸರವಿತ್ತು.

ಮೇಷ್ಟ್ರನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೊರಟಾಗ ತಂಗಿ ಒಂದು ಕಡೆ, ಶಟರ್ ಇನ್ನೊಂದು ಕಡೆ ನಡೆದರು. ಲಿಫ್ಟಿನ ಮುಂದೆ ನಿಲ್ಲಬೇಕಾಯಿತು. ಆಗ ಮೇಷ್ಟ್ರು ಎಡಗೈಯ ಎರಡು ಬೆರಳನ್ನು ಗಾಳಿಯಲ್ಲಿ ಅಡ್ಡಡ್ಡ ಆಡಿಸಿ ಏನೋ ಹೇಳಿದರು. ತಂಗಿ ಬಿಕ್ಕಿದಳು.

"ಏನಂತಾರೆ?" ಎಂದ ಶಟರ್.

"ಪಾತ್ರ ಬದಲಿಸಿ ಅಂತಿದ್ದಾರೆ. ಪಾಠ ಒಂದು ಸಲ ಮುಗಿದ ಮೇಲೆ ದಿನಾ ಹಾಗೆ ಹೇಳ್ತಿದ್ರು. ಈಗ ನಾನು ರೋಗಿ, ಅವರು ಡಾಕ್ಟರು."

ಮೇಷ್ಟ್ರು ಅವಳನ್ನು ಗಂಭೀರವಾಗಿ ನೋಡುತ್ತ ಕೇಳಿದರು. ನಿಮಗೆ ಏನು ನೋಯುತ್ತಿದೆ? ಅವಳು ಮಂಚದ ಕಂಬಿ ಹಿಡಿದುಕೊಂಡು, ಹೊಟ್ಟೆ ನೋವು ಡಾಕ್ಟರೇ, ನಿನ್ನೆಯಿಂದ ಎಂದಳು. ಆಪರೇಷನ್ ಆಗಬೇಕು ಎಂದರು. ಅವಳಿಗೆ ಮುಂದಿನ ಮಾತು ಬರಲಿಲ್ಲ. ಲಿಫ್ಟು ಬಂತು. ಒಳಗೆ ಮಂಚಕ್ಕೆ, ನರ್ಸಿಗೆ ಮಾತ್ರ ಜಾಗವಿತ್ತು. ಮೇಷ್ಟ್ರು ಕತ್ತು ತಿರುಗಿಸಿ ಅವಳ ಉತ್ತರಕ್ಕೆ ಕಾಯುತ್ತಲೇ ಇದ್ದರು. ಬಾಗಿಲು ಕೂಡಿಕೊಳ್ಳುವಾಗ ಅವಳು ಕೂಗಿಯೇ ಬಿಟ್ಟಳು, ಒಪ್ಪಿಗೆ ಡಾಕ್ಟರೇ ಎಂದು, ಅವರು ಕಲಿಸಿದ ಭಾಷೆಯಲ್ಲಿ. ಒಳಗಿನಿಂದ ಅವರ ದನಿ ಕೇಳಿಸಿತು. ನೆ ಬೋಯ್ತೆಸ್, ನೆ ಬೋಯ್ತೆಸ್.

ಮೇಷ್ಟ್ರು ಬದುಕಿದರು. ಸರ್ಜನ್ನು ಕೆಲಸ ಬಲ್ಲವರು. ಆದರೆ ಆ ಮಾತೇ ಅವರ ಕೊನೆಯ ಮಾತಾಯಿತು. ಎಚ್ಚರವಾದ ಮೇಲೆ ಅವರ ಬಾಯಿಂದ ಮನೆಯ ಭಾಷೆಯೂ ಬರಲಿಲ್ಲ, ಆ ಭಾಷೆಯೂ ಬರಲಿಲ್ಲ. ಮಾತು ಹೋಗಬಹುದೆಂದು ಮೊದಲೇ ಹೇಳಿದ್ದೆವು ಎಂದರು ಆಸ್ಪತ್ರೆಯವರು. ಹೇಳಿದ್ದರೋ ಏನೋ, ಆ ಗಲಾಟೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇಷ್ಟು ಗೊತ್ತಿದ್ದರೆ ಮೇಷ್ಟ್ರು ಒಪ್ಪುತ್ತಿದ್ದರೇ? ಜೀವ ಮುಖ್ಯ ಎನ್ನುತ್ತಿದ್ದರೇ, ಮಾತಿಲ್ಲದ ಜೀವ ಏತಕ್ಕೆ ಎನ್ನುತ್ತಿದ್ದರೇ? ಕೇಳಬೇಕಾಗಿದ್ದದ್ದು ಅದನ್ನೇ. ಅದಕ್ಕೆ ಪಾಠದಲ್ಲಿ ಉತ್ತರವಿರಲಿಲ್ಲ.

ವಿಭಾಗದ ಶಟರು ಇಳಿಯಿತು. ವಿಶ್ವವಿದ್ಯಾಲಯದವರು ತಂಗಿಯನ್ನು ಕರೆದು, ಕಲಿಸುವವರೂ ಇಲ್ಲ, ಪರೀಕ್ಷೆ ಮಾಡುವವರೂ ಇಲ್ಲ, ಪ್ರವಾಸೋದ್ಯಮಕ್ಕೆ ಬದಲಾಯಿಸಿಕೊಳ್ಳಮ್ಮ, ಭವಿಷ್ಯವಿದೆ ಎಂದರು. ಅವಳು ಹೂಂ ಎಂದಳು. ಜಗಳವಾಡುತ್ತಾಳೆಂದುಕೊಂಡು ತೋಳು ಮಡಿಸಿ ಜೊತೆಗೆ ಹೋಗಿದ್ದ ಶಟರ್‌ಗೆ ಆ ಹೂಂ ಕೇಳಿ ಕೈ ಇಳಿದುಹೋಯಿತು.

ಭಾನುವಾರ ಅವನೇ ಅವಳನ್ನು ಮೇಷ್ಟ್ರ ಮನೆಗೆ ಬಿಡುತ್ತಾನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮೇಷ್ಟ್ರು ಕುರ್ಚಿಯಲ್ಲಿ ಕೂತಿರುತ್ತಾರೆ. ಮಂಡಿಯ ಮೇಲೆ ಹೊದಿಕೆ, ಬಾಚಿದ ತಲೆ, ತಲೆಯ ಒಂದು ಕಡೆ ಕೂದಲು ಇನ್ನೂ ಪೂರಾ ಬಂದಿಲ್ಲ. ತಂಗಿ ಎದುರು ಕೂತು ಅವರ ಭಾಷೆಯಲ್ಲಿ ಒಂದೊಂದೇ ಮಾತು ಆಡುತ್ತಾಳೆ. ಅವರು ಅವಳ ತುಟಿಯನ್ನೇ ನೋಡುತ್ತಾರೆ. ಅವಳು ಬೇಕೆಂದೇ ಒಮ್ಮೊಮ್ಮೆ ತಪ್ಪು ಮಾತಾಡುತ್ತಾಳೆ, ತಿದ್ದುತ್ತಾರೇನೋ ಎಂದು. ತಿದ್ದುವುದಿಲ್ಲ.

ಮೇಷ್ಟ್ರ ಹೆಂಡತಿ ಕಾಫಿ ತಂದುಕೊಟ್ಟು, ತಾವೂ ಒಂದು ಮಣೆ ಎಳೆದುಕೊಂಡು ಕೂರುತ್ತಾರೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡುತ್ತಾರೆ. ಗಾರ್ಡು ಭಾವ ಬಂದಿದ್ದರು, ಹತ್ತು ನಿಮಿಷವೂ ಕೂರದೆ ಎದ್ದು ಹೋದರು ಎನ್ನುತ್ತಾರೆ. ಆಮೇಲೆ ಪ್ರತಿ ಭಾನುವಾರದಂತೆ, ಗಂಡನ ಮೇಲಿನ ಕಣ್ಣು ತೆಗೆಯದೆ, ಮೆಲ್ಲಗೆ ಕೇಳುತ್ತಾರೆ.

"ಅವತ್ತು ಒಪ್ಪಿಗೆ ಅಂತಾನೇ ಅಂದ್ರು ಅಲ್ವೇನಮ್ಮ?"

"ಹೌದಮ್ಮ. ಒಪ್ಪಿಗೆ ಅಂದ್ರು."

"ನೀನೂ ಕೇಳಿಸಿಕೊಂಡೆ ಅಲ್ವೇನಪ್ಪ? ನೀನು ಬಾಗಿಲಲ್ಲೇ ಇದ್ದೆ."

ಶಟರ್ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿರುತ್ತಾನೆ. ಒಳಗೆ ಬಂದು ಕೂತುಕೋ ಎಂದರೆ ಅಂಗಿಯೆಲ್ಲ ಗ್ರೀಸು ಎಂದು ನೆಪ ಹೇಳುತ್ತಾನೆ. ಮೇಷ್ಟ್ರು ನಿಧಾನವಾಗಿ ಕತ್ತು ತಿರುಗಿಸಿ ಅವನನ್ನು ನೋಡುತ್ತಾರೆ. ಏನೋ ಮಾತಿಗೆ ಕಾಯುವವರಂತೆ ನೋಡುತ್ತಾರೆ.

"ಕೇಳಿಸಿಕೊಂಡೆ ಅಮ್ಮ" ಎನ್ನುತ್ತಾನೆ ಅವನು. "ಒಪ್ಪಿಗೆ ಅಂತಾನೇ ಅಂದ್ರು."